ಕ್ಯಾಮೆರಾ ಪಟ್ಟಿಯಲ್ಲಿ ಕತ್ತಿಗೂ ಒಂದು ಸಾಲು ಇರಲಿ

'ಗ್ಯಾಸ್' ಎಂದರೆ ವೈದ್ಯರ ಬಳಿ ಬರುವ ಬಹಳ ಮಂದಿ ಹೊಟ್ಟೆ ಮುಟ್ಟಿ ತೋರಿಸುತ್ತಾರೆ. ಛಾಯಾಗ್ರಾಹಕರ ಬಳಗದಲ್ಲಿ ಈ ಮಾತಿಗೆ ಬೇರೆಯೇ ಅರ್ಥವಿದೆ. 'ಗೇರ್ ಅಕ್ವಿಸಿಷನ್ ಸಿಂಡ್ರೋಮ್' ಎಂಬ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಇರುವ ಸಲಕರಣೆ ಸಾಲದು, ಹೊಸದು ಬೇಕು, ಅದಕ್ಕಿಂತ ಹೊಸದು ಇನ್ನೂ ಬೇಕು ಎಂಬ ತೀರದ ತುಡಿತವನ್ನು ಅವರು ಹೀಗೆ ಕರೆದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ. ವೈದ್ಯಕೀಯ ಗ್ರಂಥಗಳಲ್ಲಿ ಇಂಥದೊಂದು ಕಾಯಿಲೆ ಇಲ್ಲ. ಆಸೆಪಡುವುದು ರೋಗವೂ ಅಲ್ಲ.

ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರಬಹುದು. ಮದುವೆ, ನಾಮಕರಣಗಳ ಫೋಟೋ ತೆಗೆದು ಸಂಸಾರ ನಡೆಸುವ ಯಜಮಾನರಿರಬಹುದು. ರಜೆ ಸಿಕ್ಕೊಡನೆ ರಂಗನತಿಟ್ಟಿಗೋ ಕಬಿನಿಗೋ ಹೊರಡುವ ನೌಕರರಿರಬಹುದು. ಕಾಲೇಜಿಗೆ ಹೋಗುವ ಮಗಳಿರಬಹುದು. ಅವರ ಡೈರಿಯ ಕೊನೆಯ ಪುಟದಲ್ಲೋ ಮನಸ್ಸಿನಲ್ಲೋ ಒಂದು ಪಟ್ಟಿ ಇದ್ದೇ ಇರುತ್ತದೆ. ಈ ಕ್ಯಾಮೆರಾ, ಆ ಲೆನ್ಸ್, ಅದರ ಬೆಲೆ, ತಿಂಗಳಿಗೆ ಇಷ್ಟು ಕಂತು. ಇಂಥ ಪಟ್ಟಿಗಳಲ್ಲಿ ಬೆಲೆ ಇರುತ್ತದೆ, ತೂಕ ಇರುವುದು ಅಪರೂಪ. ಆ ತೂಕವನ್ನು ಹೊರುವ ಕತ್ತು, ಭುಜ, ಮಣಿಕಟ್ಟು, ಸೊಂಟಗಳ ಹೆಸರಂತೂ ಇರುವುದೇ ಇಲ್ಲ. ಪಟ್ಟಿ ಬೇಡ ಎಂದು ಹೇಳಲು ನಾನು ಹೊರಟಿಲ್ಲ. ಆ ಪಟ್ಟಿಗೆ ತೂಕದ ಕಲಂ ಒಂದನ್ನು ಸೇರಿಸಿ, ಹೊರುವ ಶರೀರವನ್ನು ಮೊದಲ ಸಾಲಿಗೆ ತನ್ನಿ ಎಂಬುದಷ್ಟೇ ನನ್ನ ವಾದ.

ತೂಕದ ಲೆಕ್ಕ

ಮದುವೆ ಛಾಯಾಗ್ರಾಹಕರ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು 70-200 ಮಿ.ಮೀ. ಎಫ್ 2.8 ಲೆನ್ಸ್. ವೇದಿಕೆಗೆ ಅಡ್ಡ ಬಾರದೆ ದೂರದಿಂದಲೇ ವಧುವಿನ ಮುಖವನ್ನು ಹತ್ತಿರಕ್ಕೆ ತರುವ, ಛತ್ರದ ಮಂಕು ಬೆಳಕಿನಲ್ಲೂ ಕೆಲಸ ಮಾಡುವ ಲೆನ್ಸ್ ಅದು. ಹಳೆಯ ಮಾದರಿಯ ಕ್ಯಾನನ್ ಇಎಫ್ 70-200 ಲೆನ್ಸಿನ ತೂಕ ಸುಮಾರು 1480 ಗ್ರಾಂ. ಅದನ್ನು 5ಡಿ ಮಾರ್ಕ್ 4 ಕ್ಯಾಮೆರಾಕ್ಕೆ ಜೋಡಿಸಿದರೆ ಬ್ಯಾಟರಿಯೂ ಸೇರಿ 2370 ಗ್ರಾಂ ಆಗುತ್ತದೆ. ಇನ್ನೊಂದು ಭುಜಕ್ಕೆ ಅದೇ ಬಗೆಯ ಎರಡನೆಯ ಕ್ಯಾಮೆರಾ, ಅದಕ್ಕೊಂದು 24-70 ಲೆನ್ಸ್, ಎರಡಕ್ಕೂ ಫ್ಲಾಶ್. ಒಟ್ಟು 5 ಕಿಲೋ ದಾಟುತ್ತದೆ. ಐದು ಕಿಲೋ ಅಕ್ಕಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ಮುಹೂರ್ತದಿಂದ ರಾತ್ರಿಯ ಆರತಕ್ಷತೆಯವರೆಗೆ ನಿಂತಿರಿ ಎಂದರೆ ನಾವು ಯಾರೂ ಒಪ್ಪುವುದಿಲ್ಲ. ಇವರು ಅದನ್ನೇ ಮಾಡುತ್ತಾರೆ, ಜೊತೆಗೆ ಬಗ್ಗುತ್ತಾರೆ, ಮಂಡಿಯೂರುತ್ತಾರೆ, ಕುರ್ಚಿ ಹತ್ತುತ್ತಾರೆ.

ತಕ್ಕಡಿಯಲ್ಲಿ ಕಾಣುವ ತೂಕ ಬೇರೆ, ಸ್ನಾಯುಗಳು ಎತ್ತುವ ತೂಕ ಬೇರೆ. ಮೊಣಕೈಯನ್ನು ಮಡಿಸುವ ಸ್ನಾಯು ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಕೈಯಲ್ಲಿರುವ ವಸ್ತು ಮೂವತ್ತು, ಮೂವತ್ತೈದು ಸೆಂಟಿಮೀಟರ್ ದೂರದಲ್ಲಿರುತ್ತದೆ. ಇದು ಸನ್ನೆಗೋಲಿನ ಲೆಕ್ಕ. ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ 2 ಕಿಲೋ ಹಿಡಿದರೆ ಆ ಸ್ನಾಯು ಅದರ ಏಳೆಂಟು ಪಟ್ಟು ಬಲ ಹಾಕಬೇಕಾಗುತ್ತದೆ. ಕತ್ತಿನ ಕಥೆಯೂ ಇಂಥದೇ. ನಮ್ಮ ತಲೆಯೇ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಕತ್ತಿಗೆ ನೇತುಹಾಕಿದ ಪಟ್ಟಿ ಅದನ್ನು ಮುಂದಕ್ಕೆ ಎಳೆದಷ್ಟೂ ಹಿಂಭಾಗದ ಸ್ನಾಯುಗಳು ಬಿಗಿದುಕೊಂಡು ದುಡಿಯಬೇಕು. ಸಂಜೆ ತಲೆಯ ಹಿಂಭಾಗದಿಂದ ಶುರುವಾಗುವ ನೋವನ್ನು 'ಬಿಸಿಲಿಗೆ ಬಂದ ತಲೆನೋವು' ಎಂದು ಮಾತ್ರೆ ನುಂಗುವವರು ತಮ್ಮ ಕ್ಯಾಮೆರಾ ಪಟ್ಟಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೆಬ್ಬೆರಳಿನ ಬುಡದಲ್ಲಿ ಬರುವ ನೋವು ಇನ್ನೊಂದು. ಹೆಬ್ಬೆರಳನ್ನು ಅಗಲಿಸುವ ಸ್ನಾಯುರಜ್ಜುಗಳ ಹೊದಿಕೆ ದಪ್ಪವಾಗಿ, ಮಣಿಕಟ್ಟು ತಿರುಗಿಸಿದರೆ ಚಳಕ್ ಎನ್ನುವ ತೊಂದರೆ ಇದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದರು. ಈಗಲೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಹಸುಗೂಸನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಬರುವ ಈ ನೋವು, ವಿಡಿಯೋಗಾಗಿ ಗಿಂಬಲ್ ಹಿಡಿದು ಗಂಟೆಗಟ್ಟಲೆ ನಡೆಯುವವರಿಗೂ ಬರಬಹುದು. ಬಲಗೈಯೇ ಅನ್ನ ಕೊಡುವ ಕೈ ಆದಾಗ ಇದು ಸಣ್ಣ ತೊಂದರೆಯಲ್ಲ.

ಹೊಸ ಲೆನ್ಸು ಗುಣಪಡಿಸದ ಮಸುಕು

'ಚಿತ್ರ ಶಾರ್ಪ್ ಬರುತ್ತಿಲ್ಲ, ಲೆನ್ಸ್ ಬದಲಿಸಬೇಕು.' ಪಟ್ಟಿ ಉದ್ದವಾಗಲು ಇದೂ ಒಂದು ಕಾರಣ. ಹಣ ಕೊಡುವ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಿ.

ಮೊದಲನೆಯದು ಕಣ್ಣು. ನಲವತ್ತರ ಆಸುಪಾಸಿನಲ್ಲಿ ಎಲ್ಲರ ಕಣ್ಣಿನ ಮಸೂರವೂ ಗಡುಸಾಗುತ್ತಾ ಬರುತ್ತದೆ. ಹತ್ತಿರದ್ದು ಮಸುಕಾಗುತ್ತದೆ. ಇದೇ ಚಾಳೀಸು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚಿತ್ರ ಮಬ್ಬಾಗಿ ಕಂಡು, ಅದೇ ಚಿತ್ರ ಮನೆಯ ಹುಡುಗರಿಗೆ ಸ್ಪಷ್ಟವಾಗಿ ಕಂಡರೆ ನಿಮಗೆ ಬೇಕಾಗಿರುವುದು ಕನ್ನಡಕ. ವ್ಯೂಫೈಂಡರ್ ಪಕ್ಕದಲ್ಲಿ ಡಯಾಪ್ಟರ್ ಎಂಬ ಪುಟ್ಟ ತಿರುಗಣೆ ಇರುತ್ತದೆ. ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಲು ಕಾಸು ಖರ್ಚಿಲ್ಲ. ಒಂದು ವಾರ ಸ್ಪಷ್ಟ, ಮತ್ತೊಂದು ವಾರ ಮಸುಕು ಎನ್ನುವಂತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಮಧುಮೇಹದಲ್ಲಿ ಸಕ್ಕರೆ ಏರಿಳಿದಂತೆ ದೃಷ್ಟಿಯೂ ಬದಲಾಗುತ್ತದೆ.

ಎರಡನೆಯದು ಕೈ. ನಿದ್ದೆಗೆಟ್ಟ ಕೈ, ಹಸಿದ ಕೈ, ನಾಲ್ಕು ಲೋಟ ಗಟ್ಟಿ ಕಾಫಿ ಕುಡಿದವರ ಕೈ ಸಣ್ಣಗೆ ನಡುಗುತ್ತದೆ. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಔಷಧದಿಂದಲೂ, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದರಿಂದಲೂ ನಡುಕ ಬರುತ್ತದೆ. ಇದು ನಿಮಗೆ ಹೌದೆನಿಸಿದರೆ ವೈದ್ಯರನ್ನು ಕೇಳಿ, ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ನಡುಕ ತಡೆಯುವ ತಂತ್ರ ಈಗಿನ ಲೆನ್ಸುಗಳಲ್ಲಿ ಇದೆ, ನಿಜ. ಕೈಯ ಅಲುಗಾಟವನ್ನು ಅದು ಒಂದು ಮಟ್ಟಿಗೆ ಸರಿದೂಗಿಸುತ್ತದೆ, ಆದರೆ ನಿದ್ದೆಯನ್ನು ಸರಿದೂಗಿಸುವುದಿಲ್ಲ.

'ಬೇಕು' ಬೇರೆ, 'ಹಿತ' ಬೇರೆ

ಪಟ್ಟಿಯ ಮೇಲಿನ ವಸ್ತು ಮನೆಗೆ ಬಂದ ತಿಂಗಳಲ್ಲೇ ಇನ್ನೊಂದು ವಸ್ತು ಆ ಜಾಗಕ್ಕೆ ಏರುವುದೇಕೆ? ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಅವರ ಸಹೋದ್ಯೋಗಿಗಳ ಸಂಶೋಧನೆ ಇದಕ್ಕೆ ಸ್ವಲ್ಪ ಬೆಳಕು ಚೆಲ್ಲುತ್ತದೆ. ಒಂದು ವಸ್ತು ಬೇಕು ಎನ್ನಿಸುವುದೂ, ಅದರಿಂದ ಹಿತವಾಗುವುದೂ ಮಿದುಳಿನಲ್ಲಿ ಒಂದೇ ಕ್ರಿಯೆಯಲ್ಲ. ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗಿ 'ಬೇಕು' ಎಂಬುದನ್ನು ಕೆರಳಿಸುತ್ತದೆ. ಸಿಕ್ಕ ಮೇಲೆ ಹಿತ ಅಷ್ಟೇ ಪ್ರಮಾಣದಲ್ಲಿ ಬರಬೇಕೆಂದಿಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಲೆನ್ಸುಗಳ ವಿಮರ್ಶೆ ನೋಡುತ್ತಾ ಕುಳಿತವರಿಗೆ ಇದು ಹೊಸ ಸಂಗತಿಯೇನಲ್ಲ, ಅನುಭವಕ್ಕೆ ಬಂದಿರುವುದೇ. ಹಾಗೆ ಕಳೆದ ನಿದ್ದೆ, ಕಂತಿನ ಚಿಂತೆ, ಅದರಿಂದ ಮನೆಯಲ್ಲಿ ನಡೆಯುವ ಮಾತಿಗೆ ಮಾತು, ಇವೆಲ್ಲ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಹಾಗೆಂದು ಎಲ್ಲ ಆಸೆಯೂ ಚಪಲ ಎಂದು ತಳ್ಳಿಹಾಕುವುದು ಅನ್ಯಾಯ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೋಂ ತಮ್ಮ ಕೆಲಸದ ಬಹುಪಾಲನ್ನು ಪುಟ್ಟ ಲೈಕಾ ಕ್ಯಾಮೆರಾ ಮತ್ತು ಒಂದು 50 ಮಿ.ಮೀ. ಲೆನ್ಸಿನಲ್ಲೇ ಮುಗಿಸಿದರು. ಆದರೆ ಅವರನ್ನು ತೋರಿಸಿ ನಮ್ಮ ಮದುವೆ ಛಾಯಾಗ್ರಾಹಕನನ್ನು ಗದರುವುದು ಸರಿಯಲ್ಲ. ಮಾಂಗಲ್ಯಧಾರಣೆಯ ಆ ಒಂದು ಕ್ಷಣ ತಪ್ಪಿದರೆ ಅವನಿಗೆ ಎರಡನೆಯ ಅವಕಾಶವಿಲ್ಲ. ಒಳ್ಳೆಯ ಸಲಕರಣೆ ಅವನ ಕಸುಬಿನ ಅಗತ್ಯ.

ಹೊಸದನ್ನು ಕೊಳ್ಳಲು ಆರೋಗ್ಯವೇ ಕಾರಣವಾಗುವ ಸಂದರ್ಭಗಳೂ ಇವೆ. 2019ರಲ್ಲಿ ಬಂದ ಕ್ಯಾನನ್ ಆರ್‌ಎಫ್ 70-200 ಎಫ್ 2.8 ಲೆನ್ಸಿನ ತೂಕ 1070 ಗ್ರಾಂ, ಹಳೆಯದಕ್ಕಿಂತ 400 ಗ್ರಾಂ ಕಡಿಮೆ. ಸೋನಿಯ ಅದೇ ಅಳತೆಯ ಲೆನ್ಸ್ 2016ರಲ್ಲಿ 1480 ಗ್ರಾಂ ಇದ್ದದ್ದು 2021ರ ಎರಡನೆಯ ಆವೃತ್ತಿಯಲ್ಲಿ 1045 ಗ್ರಾಮಿಗೆ ಇಳಿಯಿತು. ಬೆಳಕು ಅರ್ಧದಷ್ಟಾದರೂ ನಡೆಯುತ್ತದೆ ಎನ್ನುವ ಹವ್ಯಾಸಿಗಳಿಗೆ ಕ್ಯಾನನ್‌ನ ಎಫ್ 4 ಮಾದರಿ 695 ಗ್ರಾಂ ಮಾತ್ರ. ಭುಜದ ನೋವಿರುವವರು ಇಂಥದನ್ನು ಕೊಂಡರೆ ಅದನ್ನು ನಾನು ದುಂದು ಎನ್ನಲಾರೆ. ಆದರೆ ಹೊಸದೆಲ್ಲ ಹಗುರ ಎಂದುಕೊಳ್ಳಬೇಡಿ. 2018ರ ಕ್ಯಾನನ್ ಆರ್‌ಎಫ್ 28-70 ಎಫ್ 2 ಲೆನ್ಸ್ ಒಂದೇ 1430 ಗ್ರಾಂ ತೂಗುತ್ತದೆ. ತೂಕದ ಕಲಂ ಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಪಟ್ಟಿಯನ್ನು ಹೀಗೆ ಬರೆಯಿರಿ

1. ಮೊದಲ ಸಾಲಿನಲ್ಲಿ ಕಣ್ಣಿನ ಪರೀಕ್ಷೆ. ನಲವತ್ತು ದಾಟಿದವರು ರಕ್ತದೊತ್ತಡ ಮತ್ತು ಸಕ್ಕರೆಯನ್ನೂ ಸೇರಿಸಿಕೊಳ್ಳಿ.

2. ಎರಡನೆಯದು, ತೂಕ ಹೊರುವ ಸಾಧನ. ಕತ್ತಿಗೆ ನೇತುಹಾಕುವ ಪಟ್ಟಿಯ ಬದಲು ಎರಡೂ ಭುಜಗಳಿಗೆ ಹಂಚುವ ಹಾರ್ನೆಸ್ ಅಥವಾ ಸೊಂಟದ ಬೆಲ್ಟ್ ಇರಲಿ. ಉದ್ದ ಲೆನ್ಸಿಗೆ ಒಂಟಿ ಕಾಲಿನ ಮಾನೋಪಾಡ್ ಇರಲಿ. ಚೀಲ ಬೆನ್ನಿಗೆ ಅಂಟಿಕೊಂಡು ಕೂರಲಿ, ಕೆಳಗೆ ಜೋತಾಡುವುದು ಬೇಡ.

3. ಪ್ರತಿ ವಸ್ತುವಿನ ಮುಂದೆ ಬೆಲೆ ಮತ್ತು ತೂಕ ಎರಡನ್ನೂ ಬರೆಯಿರಿ. ಅದು ಬಂದ ಮೇಲೆ ಚೀಲದಿಂದ ಯಾವುದು ಹೊರಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ. ಏನೂ ಹೊರಗೆ ಹೋಗದಿದ್ದರೆ ಆ ಭಾರ ನಿಮ್ಮ ಸೊಂಟದ ಲೆಕ್ಕಕ್ಕೆ.

4. ಡಿಜಿಟಲ್ ಚಿತ್ರದ ಜೊತೆಗೆ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದಿರೆಂಬುದು ದಾಖಲಾಗಿರುತ್ತದೆ. ಕಳೆದ ವರ್ಷದ ನಿಮ್ಮ ಮೆಚ್ಚಿನ ನೂರು ಚಿತ್ರಗಳಲ್ಲಿ ಅದನ್ನು ನೋಡಿ. ಹೆಚ್ಚಿನವು 50ರ ಸುತ್ತಲೇ ಇದ್ದರೆ 160 ಗ್ರಾಮಿನ 50 ಎಫ್ 1.8 ಲೆನ್ಸೇ ನಿಮಗೆ ಸಾಕಾಗಬಹುದು.

5. ಬರೆದ ಮೇಲೆ ಒಂದು ತಿಂಗಳು ಸುಮ್ಮನಿರಿ. ಆಮೇಲೂ ಬೇಕೆನಿಸಿದರೆ ಒಂದು ದಿನಕ್ಕೆ ಬಾಡಿಗೆಗೆ ತಂದು ಕೆಲಸ ಮಾಡಿ ನೋಡಿ. ಮರುದಿನ ಬೆಳಿಗ್ಗೆ ಕತ್ತು, ಭುಜ ಏನು ಹೇಳುತ್ತವೋ ಕೇಳಿ.

ಕ್ಯಾಮೆರಾ ಹಿಡಿಯುವಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಎಡಗೈ ಲೆನ್ಸಿನ ಕೆಳಗಿರಲಿ. ಚಿತ್ರಗಳ ನಡುವೆ ಕ್ಯಾಮೆರಾವನ್ನು ಕೆಳಗಿಳಿಸಿ, ಭುಜಗಳನ್ನು ನಾಲ್ಕೈದು ಬಾರಿ ಹಿಂದಕ್ಕೆ ತಿರುಗಿಸಿ.

ಇದು ಕ್ಯಾಮೆರಾದ ನೋವಲ್ಲದಿರಬಹುದು

ಕತ್ತಿನಿಂದ ತೋಳಿಗೆ ಇಳಿಯುವ ನೋವು, ಬೆರಳುಗಳ ಜೋಮು, ಹಿಡಿತ ಸಡಿಲವಾಗುವುದು, ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಮುಲಾಮು ಹಚ್ಚಿಕೊಂಡು ಕಾಯಬೇಡಿ, ವೈದ್ಯರನ್ನು ಕಾಣಿರಿ. ಇನ್ನೂ ಮುಖ್ಯವಾದ ಮಾತೊಂದಿದೆ. ಮೆಟ್ಟಿಲು ಹತ್ತುವಾಗ, ಸಾಮಾನು ಹೊತ್ತು ನಡೆಯುವಾಗ ಎದೆಯಲ್ಲಿ ಹಿಡಿತ ಬಂದು ಎಡಭುಜಕ್ಕೋ ದವಡೆಗೋ ಹರಡಿದರೆ, ಜೊತೆಗೆ ಬೆವರು ಬಂದರೆ, 'ಚೀಲದ ಪಟ್ಟಿ ಒತ್ತಿದೆ' ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದು ಹೃದಯದ ನೋವಾಗಿರಬಹುದು. ಆ ಕ್ಷಣವೇ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಫೋಟೋ ತೆಗೆಯಲು ಸಹಾಯಕನಿದ್ದಾನೆ.

ಮನೆಯವರಿಗೂ, ಮದುವೆ ಮನೆಯವರಿಗೂ ಒಂದು ವಿನಂತಿ. ಮನೆಯವರು ಪಟ್ಟಿಯನ್ನು ಕಂಡೊಡನೆ ಸಿಡುಕಬೇಡಿ. ಕೂತು ಓದಿ, ತೂಕ ಕೇಳಿ, ಕಂತು ಕೇಳಿ. ಮದುವೆ ಮಾಡಿಸುವವರು ಛಾಯಾಗ್ರಾಹಕರಿಗೆ ಹೊತ್ತಿಗೆ ಸರಿಯಾಗಿ ನೀರು ಕೊಡಿ, ಕೊನೆಯ ಪಂಕ್ತಿಯವರೆಗೆ ಹಸಿವಿನಲ್ಲಿ ನಿಲ್ಲಿಸಬೇಡಿ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ದಿನವಿಡೀ ನಿಲ್ಲುವುದರಿಂದ ಮೂತ್ರದ ಸೋಂಕಿಗೂ ಕಲ್ಲಿಗೂ ದಾರಿಯಾಗುತ್ತದೆ. ಅವರಿಗೊಂದು ಕುರ್ಚಿ ಹಾಕಿಕೊಟ್ಟರೆ ನಿಮ್ಮ ಆಲ್ಬಮ್ಮಿಗೂ ಲಾಭವೇ.

ಲೆನ್ಸ್ ಹಾಳಾದರೆ ರಿಪೇರಿಯ ಅಂಗಡಿ ಇದೆ, ಹಳೆಯದನ್ನು ಕೊಟ್ಟು ಹೊಸದನ್ನು ತರಬಹುದು. ಕತ್ತಿನ ಮೂಳೆಗೆ ಆ ಅನುಕೂಲವಿಲ್ಲ. ಇವತ್ತು ಸಂಜೆ ಆ ಪಟ್ಟಿಯನ್ನು ತೆಗೆದು, ತೂಕದ ಕಲಂ ಒಂದನ್ನು ಗೀಟು ಹಾಕಿ ಬರೆಯಿರಿ. ಆಮೇಲೆ ಅಂಗಡಿಗೆ ಹೋಗುವಿರಂತೆ.