ಧ್ರುವದ ಮಂಜುಗಡ್ಡೆಯೂ ನಮ್ಮ ಮಕ್ಕಳೂ

ಪ್ಲಸ್ ಟು ಫಲಿತಾಂಶ ಹೊರಬಿದ್ದೊಡನೆ ಗಡಿನಾಡಿನ ಕನ್ನಡ ಮನೆಗಳಲ್ಲಿ ಏಳುವ ಚರ್ಚೆ ವರ್ಷವರ್ಷವೂ ಒಂದೇ ತೆರನಾದುದು. ಅಂಕ ಬಂದವರಿಗೆ ವೈದ್ಯಕೀಯ, ಇಲ್ಲವೇ ಇಂಜಿನಿಯರಿಂಗ್. ಅದು ದಕ್ಕದಿದ್ದರೆ ಬಿ.ಎಡ್., ಬ್ಯಾಂಕು, ಕನ್ನಡ ಬಲ್ಲವರಿಗೆಂದಿರುವ ಪಿ.ಎಸ್.ಸಿ. ಹುದ್ದೆ, ಯಾವುದೂ ಆಗದಿದ್ದರೆ ಗಲ್ಫ್. ಭೌತಶಾಸ್ತ್ರವನ್ನು ಮೆಚ್ಚಿ ಬಿ.ಎಸ್‌ಸಿ. ಸೇರುವೆನೆನ್ನುವ ಹುಡುಗಿಗೆ ‘ಅದನ್ನು ಕಲಿತು ಏನು ಮಾಡುತ್ತೀ ಮಗಳೇ?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಆ ಪ್ರಶ್ನೆಗೆ ಇರುವ ಉತ್ತರಗಳಲ್ಲಿ ನಮ್ಮವರು ಅಷ್ಟಾಗಿ ಆಲೋಚಿಸದ ಒಂದನ್ನು ಹೆತ್ತವರ ಮುಂದಿಡಬಯಸುತ್ತೇವೆ: ಧ್ರುವ ಪ್ರದೇಶದ ಕಡಲು ಮತ್ತು ಕಡಲ ಮಂಜುಗಡ್ಡೆಯ ಅಧ್ಯಯನ.

ಮೀನಿನ ಪೆಟ್ಟಿಗೆಯಲ್ಲಲ್ಲದೆ ಬೇರೆಲ್ಲೂ ಮಂಜುಗಡ್ಡೆ ಕಾಣದ ನಮಗೇಕೆ ಇದು ಎಂದು ನಗುವವರಿರಬಹುದು. ಆದರೆ ಈ ಕೆಲಸದ ಭಾರತೀಯ ಕೇಂದ್ರವಿರುವುದು ನಮ್ಮ ರೈಲು ದಾರಿಯ ಮೇಲೆಯೇ, ಗೋವೆಯ ವಾಸ್ಕೋದಲ್ಲಿ. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಎಂದು ಅದರ ಹೆಸರು. 1981ರ ಡಿಸೆಂಬರ್ 6ರಂದು ಡಾ. ಎಸ್.ಝಡ್. ಖಾಸಿಂ ಅವರ ನೇತೃತ್ವದಲ್ಲಿ 21 ಮಂದಿಯ ಮೊದಲ ತಂಡ ಅಂಟಾರ್ಕ್ಟಿಕಕ್ಕೆ ಹಡಗು ಹತ್ತಿದ್ದೂ ಗೋವೆಯಿಂದಲೇ. ತಂಡ ಅಲ್ಲಿ ಇಳಿದದ್ದು 1982ರ ಜನವರಿ 9ರಂದು. ಬಳಿಕ 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ಎಂಬ ನೆಲೆಗಳು ಅಲ್ಲಿ ಎದ್ದವು. ಉತ್ತರ ಧ್ರುವದ ಕಡೆ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ಹಿಮಾದ್ರಿ ಆರಂಭವಾಯಿತು. ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲ ಎನ್ನುವವರಿಗೆ ಒಂದು ಮಾತು: ಸಾಗರ ವಿಜ್ಞಾನಿ ಅದಿತಿ ಪಂತ್ ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತ 1983-84ರಷ್ಟು ಹಿಂದೆಯೇ ಅಲ್ಲಿಗೆ ಹೋಗಿ ಬಂದವರು.

ಇನ್ನು ವಿಷಯ. ಕಡಲ ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಗಿಂತ ಸುಮಾರು 1.8 ಡಿಗ್ರಿ ಕೆಳಗೆ. ಹೆಪ್ಪುಗಟ್ಟುವಾಗ ಅದು ತನ್ನ ಉಪ್ಪಿನ ಬಹುಪಾಲನ್ನು ಹೊರದೂಡುತ್ತದೆ. ಆ ಉಪ್ಪು ಸೇರಿ ಭಾರವಾದ ತಣ್ಣೀರು ಕೆಳಗಿಳಿಯುತ್ತದೆ. ಜಗತ್ತಿನ ಸಾಗರಗಳ ಆಳದಲ್ಲಿ ಸುತ್ತುವ ನೀರಿಗೆ ಚಾಲನೆ ಕೊಡುವ ಶಕ್ತಿಗಳಲ್ಲಿ ಇದೂ ಒಂದು. ಹಿಮ ಹೊದ್ದ ಗಡ್ಡೆ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆಸೆಯುತ್ತದೆ. ಗಡ್ಡೆ ಕರಗಿ ಕಪ್ಪು ನೀರು ತೆರೆದುಕೊಂಡರೆ ಆ ಬಿಸಿಲೆಲ್ಲ ಕಡಲಿನ ಪಾಲು. ಉತ್ತರದಲ್ಲಿ 2012ರ ಸೆಪ್ಟೆಂಬರಿನಲ್ಲಿ ಈ ಹೊದಿಕೆ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತು. ದಕ್ಷಿಣದಲ್ಲಿ 2023ರ ಫೆಬ್ರವರಿಯಲ್ಲಿ ಉಳಿದದ್ದು ಸುಮಾರು 18 ಲಕ್ಷ. ಇವುಗಳಿಗೂ ನಮ್ಮ ಮಳೆಗೂ ಏನು ಸಂಬಂಧ? ರಷ್ಯದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಮಂಜುಗಡ್ಡೆ ಕಡಿಮೆಯಾದುದಕ್ಕೂ ಮಧ್ಯ ಭಾರತದಲ್ಲಿ ಸೆಪ್ಟೆಂಬರ್ ತಿಂಗಳ ಅತಿವೃಷ್ಟಿಗೂ ನಂಟಿರಬಹುದೆಂದು ಗೋವೆಯ ಅದೇ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಬರೆದಿದ್ದಾರೆ. ಮಳೆ ಹಿಂಜರಿಯದೆ ಅಡಿಕೆ ತೋಟದಲ್ಲಿ ಕೊಳೆರೋಗ ಹಬ್ಬುವುದನ್ನು ಕಂಡಿರುವ ನಮ್ಮವರಿಗೆ ಮಳೆಯ ಬೇರು ಹುಡುಕುವ ಈ ಕೆಲಸ ವ್ಯರ್ಥವೆನಿಸದು.

ಹಾಗೆಂದು ಬರೀ ಸಿಹಿ ಮಾತನಾಡಿ ಮಕ್ಕಳನ್ನು ಕಳುಹಿಸುವುದು ಸರಿಯಲ್ಲ. ದಾರಿ ದೀರ್ಘ. ಬಿ.ಎಸ್‌ಸಿ., ಎಂ.ಎಸ್‌ಸಿ., ನೆಟ್ ಅಥವಾ ಗೇಟ್ ಪರೀಕ್ಷೆ, ಮತ್ತೆ ಐದಾರು ವರ್ಷದ ಪಿಎಚ್.ಡಿ. ಕಿರಿಯ ಸಂಶೋಧಕರಿಗೆ ಕೇಂದ್ರ ಸರಕಾರದ ವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ. ಅಷ್ಟರಲ್ಲಿ ಒಬ್ಬರ ಬದುಕು ಸಾಗೀತು. ಅದಾದ ಮೇಲೆ ಬರುವುದೇ ಕಷ್ಟದ ಕಾಲ. ಜರ್ಮನಿಯ ಬ್ರೆಮರ್‌ಹಾವೆನ್, ನಾರ್ವೆಯ ಟ್ರೊಮ್ಸೊ ಮುಂತಾದೆಡೆ ಎರಡು ಮೂರು ವರ್ಷಗಳ ಗುತ್ತಿಗೆಯ ಕೆಲಸ ಸಿಗಬಹುದು, ಖಾಯಂ ಹುದ್ದೆಗಳು ಮಾತ್ರ ವಿರಳ. ಮೂವತ್ತೈದು ದಾಟಿದರೂ ‘ಮಗನ ಕೆಲಸ ಖಾಯಮಾಯಿತೇ?’ ಎಂದು ನೆಂಟರು ಕೇಳುತ್ತಲೇ ಇರುತ್ತಾರೆ. ಮಂಜಿನ ಮೇಲೆ ನಿಂತು ತೂತು ಕೊರೆದು, ಗಡ್ಡೆಯ ದಪ್ಪವನ್ನು ಅಳತೆಪಟ್ಟಿಯಲ್ಲಿ ಅಳೆಯುವ ದಿನಗಳು ವರ್ಷದಲ್ಲಿ ಕೆಲವೇ. ಉಳಿದ ಕಾಲವೆಲ್ಲ ಉಪಗ್ರಹದ ಅಂಕಿ ಅಂಶ, ಗಣಿತ, ಕಂಪ್ಯೂಟರ್. ಸಾಹಸದ ಆಸೆಯಿಂದಷ್ಟೇ ಹೋದವರು ಬೇಗ ಬೇಸತ್ತಾರು. ಲೆಕ್ಕದಲ್ಲಿ ಸುಖ ಕಾಣುವವರು ಉಳಿಯುತ್ತಾರೆ. ಪಿಎಚ್.ಡಿ. ಬೇಡವೆನ್ನುವವರಿಗೂ ಧ್ರುವದಲ್ಲಿ ಕೆಲಸವಿದೆ: ನೆಲೆಗಳಲ್ಲಿ ಚಳಿಗಾಲ ಕಳೆಯುವ ತಂಡಕ್ಕೆ ವೈದ್ಯರೂ ಮೆಕ್ಯಾನಿಕ್‌ಗಳೂ ಅಡುಗೆಯವರೂ ಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೆಲ್ಲ ಸಾಧ್ಯವೇ ಎಂಬ ಅಳುಕಿನಿಂದ ಒಂದನೆಯ ತರಗತಿಯಲ್ಲೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುವ ಹೆತ್ತವರು ನಮ್ಮಲ್ಲಿದ್ದಾರೆ. ಹೀಗೆಯೇ ನಮ್ಮ ಶಾಲೆಗಳ ತರಗತಿಗಳು ಬರಿದಾಗುತ್ತಿವೆ. ಸಾಂದ್ರತೆ, ಲವಣಾಂಶ, ಗುಪ್ತೋಷ್ಣ ಎಂಬುದನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗುವಿಗೆ ಅವುಗಳ ಇಂಗ್ಲಿಷ್ ಹೆಸರು ಕಲಿಯಲು ಕಾಲೇಜಿನ ಒಂದು ವರ್ಷ ಸಾಕು. ಆ ಒಂದು ವರ್ಷ ಕಠಿನವೆಂಬುದು ನಿಜ, ಅಲ್ಲಿ ಕೈಹಿಡಿಯುವವರಿಲ್ಲದೆ ಎಷ್ಟೋ ಮಕ್ಕಳು ಹಿಂದೆ ಸರಿಯುತ್ತಾರೆ. ನಮ್ಮ ಕನ್ನಡ ಸಂಘಟನೆಗಳು ನೆರವಾಗಬೇಕಾದುದು ಅಲ್ಲಿಯೇ. ಅಂಕ ಗಳಿಸಿದವರಿಗೆ ಶಾಲು ಹೊದಿಸುವುದರ ಜತೆಗೆ ಪದವಿಯ ಮೊದಲ ವರ್ಷದವರಿಗೆ ವಾರಾಂತ್ಯದ ಪಾಠಗಳನ್ನು ಏರ್ಪಡಿಸಲಿ; ಮೊದಲೇ ಪತ್ರ ಬರೆದು ಅನುಮತಿ ಪಡೆದು, ವಿಜ್ಞಾನದಲ್ಲಿ ಆಸಕ್ತಿಯುಳ್ಳ ಹತ್ತು ಮಕ್ಕಳನ್ನು ಒಬ್ಬ ಅಧ್ಯಾಪಕರೊಂದಿಗೆ ವಾಸ್ಕೋಗೆ ಕಳುಹಿಸಲಿ. ಹನ್ನೊಂದು ಜನರ ರೈಲು ಟಿಕೆಟಿನ ಖರ್ಚು ಸನ್ಮಾನ ಸಭೆಯ ಶಾಮಿಯಾನಾದ ಬಾಡಿಗೆಗಿಂತ ಹೆಚ್ಚಾಗಲಾರದು.