ನೂರು ಜನರ ವಾದ್ಯ

ಸಿಂಫನಿ ವಾದ್ಯವೃಂದದಲ್ಲಿ ತಾನು ಒಂದು ಸ್ವರವನ್ನೂ ನುಡಿಸದೆ ಎಲ್ಲರನ್ನೂ ನಡೆಸುವವನು ಕಂಡಕ್ಟರ್. ಆ ಜಾಗದಲ್ಲಿ ಏಷ್ಯಾದವರು ನಿಂತರೆ ಹಳೆಯ ಪ್ರಶ್ನೆಯೊಂದು ಏಳುತ್ತದೆ: ಯುರೋಪಿನ ಸಂಗೀತ ಹೊರಗಿನವರಿಗೆ ಒಲಿದೀತೇ? ಕೇಳಬೇಕಾದದ್ದು ಬೇರೆ: ಕಲಿಯಲು ಅವರಿಗೆ ವಾದ್ಯ ಎಲ್ಲಿ ಸಿಕ್ಕಿತು?

ವೀಣೆ ಕಲಿಯುವವರು ಮನೆಯಲ್ಲೇ ಕೂತು ಸಾಧನೆ ಮಾಡಬಹುದು. ಕಂಡಕ್ಟರನ ವಾದ್ಯವೆಂದರೆ ಸುಮಾರು ನೂರು ಜನ. ಸ್ವರಲಿಪಿಯ ಸ್ಕೋರನ್ನು ಒಬ್ಬನೇ ಓದಿಕೊಳ್ಳಬಹುದು. ಅಷ್ಟು ಜನರ ಉಸಿರನ್ನು ಒಂದು ಲಯಕ್ಕೆ ತರುವ ವಿದ್ಯೆ ತಾಲೀಮಿನಲ್ಲಿ ಮಾತ್ರ ಹತ್ತುತ್ತದೆ.

ಮುಂಬೈಯ ಕಂಡಕ್ಟರ್ ಜುಬಿನ್ ಮೆಹ್ತಾ ಅವರನ್ನೇ ನೋಡಿ. ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ವಾದ್ಯವೃಂದ ಕಟ್ಟಿದವರು. ಮನೆಯಲ್ಲೇ ಅಷ್ಟು ಸಂಗೀತವಿದ್ದರೂ ಮಗ 1954ರಲ್ಲಿ, 18ರ ಹರೆಯದಲ್ಲಿ, ವಿಯೆನ್ನಾಕ್ಕೆ ಹೊರಟರು. ಅಲ್ಲಿ ಹಾನ್ಸ್ ಸ್ವರೋವ್ಸ್ಕಿ ಅವರ ಶಿಷ್ಯರಾದರು, ಡಬಲ್ ಬಾಸ್ ಕಲಿತರು. ದೊಡ್ಡ ಕಂಡಕ್ಟರುಗಳು ತಾಲೀಮು ನಡೆಸುವುದನ್ನು ಹತ್ತಿರದಿಂದ ನೋಡಲೆಂದೇ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಜೊತೆ ಗಾಯಕವೃಂದ ಸೇರಿದರು. 1958ರಲ್ಲಿ ಲಿವರ್‌ಪೂಲ್‌ನ ಕಂಡಕ್ಟರುಗಳ ಸ್ಪರ್ಧೆ ಗೆದ್ದರು. 1962ರ ಹೊತ್ತಿಗೆ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಅವರ ಕೈಯಲ್ಲಿತ್ತು. ಪ್ರತಿಭೆ ಮುಂಬೈಯದೇ, ಅದನ್ನು ತಿದ್ದಿದ ಏರ್ಪಾಡು ವಿಯೆನ್ನಾದ್ದು.

ಹಾಗಾದರೆ ಈ ವಿದ್ಯೆ ಯುರೋಪಿಗೇ ಅಂಟಿಕೊಂಡದ್ದೇ? ಅಲ್ಲವೆಂದು ಜಪಾನ್ ತೋರಿಸಿದೆ. ಜರ್ಮನಿಯಲ್ಲಿ ಚೆಲ್ಲೊ ಕಲಿತು ಮರಳಿದ ಹಿದೆಯೊ ಸೈಟೊ ಟೋಕಿಯೊದಲ್ಲೇ ಕಂಡಕ್ಟರುಗಳನ್ನು ತಯಾರು ಮಾಡಿದರು. ಅವರ ಶಿಷ್ಯ ಸೈಜಿ ಒಜಾವಾ 1959ರಲ್ಲಿ ಫ್ರಾನ್ಸಿನ ಬೆಸಾನ್‌ಸೋನ್ ಸ್ಪರ್ಧೆ ಗೆದ್ದು, ಮುಂದೆ 29 ವರ್ಷ ಬೋಸ್ಟನ್ ಸಿಂಫನಿಯನ್ನು ನಡೆಸಿದರು. 1984ರಲ್ಲಿ ಗುರುವಿನ ನೆನಪಿಗೆ ಒಜಾವಾ ಮತ್ತವರ ಜೊತೆಗಾರರು ಸೈಟೊ ಶಿಷ್ಯರನ್ನು ಕೂಡಿಸಿದಾಗ, ಒಂದು ವಾದ್ಯವೃಂದಕ್ಕೆ ಸಾಲುವಷ್ಟು ನುರಿತವರಿದ್ದರು. ಒಬ್ಬ ಮೇಷ್ಟರ ಪಾಠ ಒಂದೇ ತಲೆಮಾರಿನಲ್ಲಿ ಪರಂಪರೆಯಾಗಿತ್ತು.

ನಮ್ಮಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಮುಂಬೈಯಲ್ಲಿ ಶುರುವಾದದ್ದು 2006ರಲ್ಲಿ. ಅದರ ಎಷ್ಟೋ ಕುರ್ಚಿಗಳಲ್ಲಿ ಕೂತವರು ಹೊರದೇಶದವರು. ಪಾಶ್ಚಾತ್ಯ ಸಂಗೀತ ನಮಗೇಕೆ ಎನ್ನುವುದು ಪ್ರಾಮಾಣಿಕ ನಿಲುವು, ಅದಕ್ಕೆ ತಕರಾರಿಲ್ಲ. ಆದರೆ ಮೆಹ್ತಾ ನಮ್ಮವರೆಂದು ಬೀಗುವವರು, ನೂರು ವಾದಕರಿಗೆ ವರ್ಷವಿಡೀ ಸಂಬಳ ಕೊಟ್ಟು ತಾಲೀಮಿಗೆ ಕೂರಿಸುವವರು ಯಾರೆಂದೂ ಹೇಳಬೇಕು. ಅದಕ್ಕೆ ಉತ್ತರ ಸಿಗುವ ತನಕ ಬ್ಯಾಟನ್ ಹಿಡಿಯುವ ಆಸೆಯುಳ್ಳವರು ವಿಮಾನ ಹತ್ತಲೇಬೇಕು.