ಬೈಸಿಕೊಳ್ಳುವ ಹಕ್ಕು

ಎನ್ನೆಸ್ಸೆಸ್ ಶಿಬಿರದ ಸಮಾರೋಪ ಚಿಕ್ಕೋಡಿ ಕಡೆ ನಡೆಯಲಿ, ಅಥಣಿ ಕಡೆ ನಡೆಯಲಿ, ಶಿಬಿರಾರ್ಥಿಗಳಲ್ಲಿ ಒಬ್ಬ ವಿಕಲಚೇತನ ವಿದ್ಯಾರ್ಥಿ ಇದ್ದರೆ ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದುಂಟು. ‘ಇಂಥಾವನೇ ಸೇವಾಕ್ಕ ಬಂದಾನಂದ್ರ, ಕೈಕಾಲು ಗಟ್ಟಿ ಇದ್ದ ನಮಗೇನ ಆಗೇತಿ?’ ಎಂದು ಅತಿಥಿಗಳು ಕೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಸೇವೆಯಿಂದ ಅವನಲ್ಲಿ ಆತ್ಮವಿಶ್ವಾಸ ಮೂಡಿತು ಎಂದು ಮರುದಿನದ ವರದಿಯೂ ಹೇಳುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಒಂದು ತಕರಾರಿದೆ: ಆ ಏಳು ದಿನ ಅವನಿಗೆ ಕೊಟ್ಟ ಕೆಲಸವಾದರೂ ಏನು?

ಶಿಬಿರದ ದಿನಚರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಮನರಂಜನೆ. ಸಲಿಕೆ, ಬುಟ್ಟಿ ಹಂಚುವ ಹೊತ್ತಿಗೆ ಕಾಲು ಊನವಾದ ಹುಡುಗನಿಗೆ ‘ನೀ ನೆರಳಾಗ ಕುಂದ್ರು ತಮ್ಮಾ, ನಿನಗ್ಯಾಕ ತ್ರಾಸ?’ ಎನ್ನುತ್ತಾರೆ. ಚಹಾ ಬಂದರೆ ಅವನಿಗೇ ಮೊದಲು. ಹಾಜರಿ ಪುಸ್ತಕದಲ್ಲಿ ಎಲ್ಲರಿಗೆ ಬರೆದಷ್ಟೇ ತಾಸು ಅವನಿಗೂ ಬರೆಯುತ್ತಾರೆ. ಇಷ್ಟು ಪ್ರೀತಿಯಿಂದ ಕೆಲಸ ಕಸಿದುಕೊಂಡವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಮದುವೆ, ಜಾತ್ರೆ, ಸುಗ್ಗಿ ಎಲ್ಲದರಲ್ಲೂ ಕೂತು ನೋಡಿಯೇ ಬೆಳೆದವನು ಶಿಬಿರದಲ್ಲೂ ಕೂತು ನೋಡಿ ಮನೆಗೆ ಹೋಗುತ್ತಾನೆ. ಈ ಸಲ ಹೆಗಲ ಮೇಲೊಂದು ಶಾಲು ಇರುತ್ತದೆ, ಅಷ್ಟೇ.

ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್ನೆಸ್ಸೆಸ್‌ನ, ನಿಯಮಗಳು ಹೀಗೆಲ್ಲಾ ಹೇಳಿಲ್ಲ. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಮಾನೋತ್ಸವದ ವರ್ಷದಲ್ಲಿ, ಆಗಿನ ಕೇಂದ್ರ ಶಿಕ್ಷಣ ಸಚಿವ, ಬಳ್ಳಾರಿಯ ಸಂಸದ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಇದನ್ನು ಆರಂಭಿಸಿದರು. ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ ತಾಸುಗಳನ್ನು ಸಲಿಕೆ ಹಿಡಿದೇ ತುಂಬಬೇಕೆಂದಿಲ್ಲ. ಮನೆಮನೆ ಸಮೀಕ್ಷೆ, ಸಾಕ್ಷರತೆ, ಆರೋಗ್ಯ, ನೆರೆ ಪರಿಹಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗಟಾರು ತೆಗೆದರೆ ಮಾತ್ರ ಸೇವೆ ಎಂದುಕೊಂಡವರು ನಾವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕುತ್ತವೆ, ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂಬ ಸುದ್ದಿ ಬರುತ್ತದೆ. 2005, 2019, 2021ರ ನೆರೆಗಳನ್ನು ಹೊಳೆದಂಡೆಯ ಜನ ಮರೆತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಂ ಪ್ರಕಾರ, ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟಿರಬೇಕು, ಅಪಾಯದ ಮುನ್ಸೂಚನೆ ಅವರಿಗೆ ತಲುಪುವಂತೆಯೂ ನೋಡಿಕೊಳ್ಳಬೇಕು. ನಿಮ್ಮ ಪಂಚಾಯತಿಯಲ್ಲಿ ಅಂಥ ಪಟ್ಟಿಯ ಪ್ರತಿ ಇದೆಯೇ? ಒಮ್ಮೆ ಹೋಗಿ ಕೇಳಿ.

ಆ ಪಟ್ಟಿ ಮಾಡಲು ಊರುಗೋಲು ಹಿಡಿದ ಸ್ವಯಂಸೇವಕನನ್ನೇ ಕಳಿಸಿ ನೋಡಿ. ಉಳಿದವರು ‘ಮನ್ಯಾಗ ಅಂಗವಿಕಲರು ಯಾರರ ಅದಾರೇನ್ರಿ?’ ಎಂದು ಕೇಳಿ ಒಂದು ಗೆರೆ ಎಳೆದು ಮುಂದಿನ ಮನೆಗೆ ಹೋಗುತ್ತಾರೆ. ಇವನು ಮುಂದಿನ ಪ್ರಶ್ನೆಗಳನ್ನೂ ಕೇಳಿಯಾನು. ಮಲಗುವ ಕೋಣೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ರಾತ್ರಿ ಡಂಗುರ ಸಾರಿದರೆ ಕಿವಿ ಕೇಳದ ಅಕ್ಕನನ್ನು ಎಬ್ಬಿಸುವವರು ಯಾರು? ದೋಣಿಗೆ ಎತ್ತಿಕೊಂಡು ಹೋಗುವಾಗ ಗಾಲಿಕುರ್ಚಿಯನ್ನೂ ಒಯ್ಯುತ್ತೀರೋ, ಇಲ್ಲೇ ಬಿಡುತ್ತೀರೋ? ಬಿಟ್ಟರೆ ಪರಿಹಾರ ಕೇಂದ್ರದ ಶಾಲೆಯಲ್ಲಿ ಆ ಮನುಷ್ಯ ಶೌಚಕ್ಕೂ ಇನ್ನೊಬ್ಬರ ಹೆಗಲು ಕಾಯಬೇಕು. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿನ ಅರ್ಜಿಯೂ ಇಂಥದ್ದೇ ಕೆಲಸ. ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿಗೆ ಸುಮಾರು 140 ಕಿ.ಮೀ. ಕಾಗದವೊಂದು ಕಡಿಮೆ ಬಿದ್ದು ಹಾಗೇ ತಿರುಗಿ ಬರುವ ತ್ರಾಸ ಎಂಥದ್ದೆಂದು ಅನುಭವಿಸಿದವನಿಗೆ ಅರ್ಜಿ ತುಂಬಿಸಿಕೊಳ್ಳುವಾಗ ಯಾರೂ ಹೇಳಿಕೊಡಬೇಕಿಲ್ಲ.

ಈ ಕೆಲಸದಲ್ಲಿ ತಪ್ಪೂ ಆಗುತ್ತದೆ. ಒಂದು ಓಣಿ ಬಿಟ್ಟುಹೋದರೆ ಕಾರ್ಯಕ್ರಮಾಧಿಕಾರಿ ರೇಗಬೇಕು, ‘ಇದೇನ ಪಟ್ಟೀನೋ? ಹೋಗಿ ಮತ್ತ ಬರ್ಕೊಂಡ ಬಾ’ ಎನ್ನಬೇಕು. ನನ್ನ ವಾದ ನಿಂತಿರುವುದು ಇಲ್ಲಿ. ಯಾರ ತಪ್ಪಿಗೆ ನಾವು ಬೈಯುವುದಿಲ್ಲವೋ ಅವರ ಕೆಲಸವನ್ನು ನಾವು ನಂಬಿಲ್ಲ ಎಂದೇ ಲೆಕ್ಕ. ತಾನು ಮಾಡದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎಂದು ಗೊತ್ತಾದ ದಿನ ಹುಡುಗ ಬದಲಾಗುತ್ತಾನೆ. ಚಪ್ಪಾಳೆಯಿಂದ ಅದು ಆಗುವುದಿಲ್ಲ.

ಇದಕ್ಕೆ ಎದುರು ಮಾತೂ ಇದೆ, ನ್ಯಾಯವಾದದ್ದೇ. ಸೌಲಭ್ಯ ಬೇಕಾದರೆ ಮೊದಲು ಸೇವೆ ಮಾಡಿ ತೋರಿಸು ಎಂದಂತಾಗುವುದಿಲ್ಲವೇ? ಖಂಡಿತ ಹಾಗಾಗಬಾರದು. ಬರಲೊಲ್ಲೆ ಎಂದರೆ ಉಳಿದವರನ್ನು ಬಿಟ್ಟಂತೆ ಅವನನ್ನೂ ಬಿಡಿ. ಅಂಗವಿಕಲನೆಂದು ಸದಾ ಅಂಗವಿಕಲರ ಕೆಲಸಕ್ಕೇ ಹಚ್ಚುವುದೂ ತಪ್ಪು. ಶಿಬಿರದ ರೊಕ್ಕದ ಲೆಕ್ಕವನ್ನೋ ರಾತ್ರಿಯ ನಾಟಕವನ್ನೋ ಅವನು ಕೇಳಿದರೆ ಅದನ್ನೇ ಕೊಡಿ. ಸಂಡಾಸಿಗೆ ಮೆಟ್ಟಿಲು ಹತ್ತಬೇಕಾದ ಕಟ್ಟಡದಲ್ಲಿ ಶಿಬಿರ ಹೂಡಿ ಅವನನ್ನು ಕರೆಯುವುದಂತೂ ಬರೀ ನಾಟಕವೇ.

ಕಾಲೇಜು ಮುಗಿದ ಮೇಲಿನ ಕಥೆಯೂ ಇದಕ್ಕೆ ಹೊರತಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ವಿಆರ್‌ಡಬ್ಲ್ಯೂ ಎನ್ನುತ್ತಾರೆ. ಅವರು ಸ್ವತಃ ವಿಕಲಚೇತನರು. ಊರಿನ ವಿಕಲಚೇತನರ ಪಿಂಚಣಿ, ಕಾರ್ಡು, ಸಲಕರಣೆಗಳಿಗಾಗಿ ಓಡಾಡುವವರು ಅವರೇ. ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಸೇವೆಯನ್ನು ಅಷ್ಟು ಹೊಗಳುವ ನಾವು ಆ ಸೇವೆಗೆ ಕೂಲಿ ಕಟ್ಟುವಾಗ ಮಾತ್ರ ಮೌನವಾಗುತ್ತೇವೆ.

ಐದೂ ತಾಲ್ಲೂಕಿನ ಎನ್ನೆಸ್ಸೆಸ್ ಅಧಿಕಾರಿಗಳಲ್ಲಿ ಒಂದು ವಿನಂತಿ: ಈ ವರ್ಷ ಹೊಳೆದಂಡೆಯ ಒಂದು ಊರು ಹಿಡಿಯಿರಿ, ಅಲ್ಲಿನ ವಿಆರ್‌ಡಬ್ಲ್ಯೂ ಅವರನ್ನು ಜೊತೆಗೆ ಕರೆದುಕೊಳ್ಳಿ, ಪಟ್ಟಿಯ ಜವಾಬ್ದಾರಿಯನ್ನು ನಿಮ್ಮ ವಿಕಲಚೇತನ ವಿದ್ಯಾರ್ಥಿಗೆ ಕೊಡಿ. ಮುಂಗಾರಿಗೆ ಮೊದಲು ಅದು ತಹಶೀಲ್ದಾರರ ಮೇಜಿನ ಮೇಲಿರಲಿ.